ಆಯಿಯ ಮೊರ ಮತ್ತು ಎಂಬತ್ತೈದು ಹರ್ಟ್ಜ್

ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯೊಂದು ಲಂಗ ತೊಟ್ಟು ನಿಂತಿದೆ. ಗುಲಾಬಿ ಬಣ್ಣದ ಲಂಗ, ಅಂಚಿಗೆ ಸುತ್ತಲೂ ನಿರಿಗೆ, ನಿರಿಗೆಗೆ ಬಿಳಿ ಲೇಸು. ಡಬ್ಬಿ ಚೌಕಾಗಿದೆ, ಲಂಗಕ್ಕೆ ಮಾತ್ರ ಹಿಂದುಗಡೆ ಒಂದು ಗೂನು. ಒಳಗೆ ಏನೂ ಇಲ್ಲದೆ ಅಷ್ಟು ಬಟ್ಟೆ ಜೋತುಬಿದ್ದಿರುವುದನ್ನು ಕಂಡು ಮನೆಗೆ ಬಂದವರು, "ಇದೇನ್ರಿ, ಅಳತಿ ತಪ್ಪೇತೇನು?" ಎಂದು ಕೇಳುತ್ತಾರೆ. ಅಳತೆ ತಪ್ಪಿಲ್ಲ. ಅದನ್ನು ಹೊಲಿದದ್ದು ಡಬ್ಬಿಗಲ್ಲ, ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರಿನ ಮಾನಿಟರಿಗೆ. ಆಗಿನ ಮಾನಿಟರುಗಳಿಗೆ ಮುಖ ಎಷ್ಟು ಅಗಲವೋ ಬೆನ್ನೂ ಅಷ್ಟೇ ದಪ್ಪ. ಈಗಿನವು ಗೋಡೆಗೆ ಒರಗಿಸಿಟ್ಟ ಸ್ಲೇಟಿನ ಹಾಗೆ ಇರುತ್ತವೆ, ಅವಕ್ಕೆ ಲಂಗ ಹೊಲಿಯುವ ಮನಸ್ಸು ಯಾರಿಗೂ ಬರುವುದಿಲ್ಲ.

ಕಳೆದ ವಾರ ಎರಡು ರೊಟ್ಟಿ ಬೇಯಿಸಿಟ್ಟು, ಮೂರನೆಯದನ್ನು ಹೆಂಚಿಗೆ ಹಾಕಿ, ಮತ್ತೆ ಹಿಟ್ಟು ತೆಗೆಯುತ್ತಿದ್ದೆ. (ನಾನು ಬಡಿದ ರೊಟ್ಟಿ ಯಾವ ಜಿಲ್ಲೆಯ ನಕ್ಷೆಯನ್ನೂ ಹೋಲುವುದಿಲ್ಲ, ಆ ಮಾತು ಬೇರೆ.) ಹಿಂದಿನಿಂದ ಮಗಳು ಶ್ರೇಯಾ ಬಂದಳು. ಕಾಲೇಜಿಗೆ ಹೋಗುವ ಹುಡುಗಿ, ಕಂಪ್ಯೂಟರಿನಲ್ಲಿ ಆಟ ಆಡುವುದರಲ್ಲಿ ನಿಸ್ಸೀಮಳು.

"ಪಪ್ಪಾ, ನೂರಾ ನಲವತ್ನಾಲ್ಕ ಹರ್ಟ್ಜ್ ಮಾನಿಟರ್ ತಗೊಂಡ್ರ ಗೇಮಿನಾಗ ಖರೇನ ಫರಕ್ ಗೊತ್ತಾಗತೈತೇನು? ನನ್ನ ಗೆಳತಿ ಅಂತಾಳ, ಅರವತ್ತರ ಮ್ಯಾಲ ಮನಷ್ಯಾರ ಕಣ್ಣಿಗೆ ಏನೂ ತಿಳಿಯೂದಿಲ್ಲಂತ."

ಹೀಗೆ ಕೇಳಿದವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಅಪ್ಪನಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು ಎನ್ನುವಂತೆ ಒಂದು ಚೂರು ರೊಟ್ಟಿ ಮುರಿದುಕೊಂಡು ಹೊರಟಳು. ನಾನು ಹಿಟ್ಟಿನ ಕೈಯಲ್ಲೇ ಅವಳನ್ನು ತಡೆದು ನಿಲ್ಲಿಸಿದೆ. "ಏ, ನಿಲ್ಲು. ಈ ಪರೀಕ್ಷಾ ನಮ್ಮ ಮನ್ಯಾಗ ನೀ ಹುಟ್ಟೂಕಿಂತ ಮದಲ ಆಗಿ ಹೋಗೇತಿ," ಎಂದೆ. ಆಮೇಲೆ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ರೊಟ್ಟಿ ಆರಿದರೆ ಆರಲಿ.

ಎರಡು ಸಾವಿರದ ಇಸವಿಯ ಆಚೀಚೆ. ನಾನು ಮೂಡಲಗಿಯಲ್ಲಿ ಪಿಯುಸಿ ಓದುತ್ತಿದ್ದೆ. ಅಪ್ಪನದು ನೀರೆತ್ತುವ ಪಂಪಿನ ಬಿಡಿಭಾಗಗಳ ಅಂಗಡಿ. ಮುಂದಿನ ಕಾಲವೆಲ್ಲ ಕಂಪ್ಯೂಟರಿನದೇ ಎಂದು ಯಾರೋ ಅಂಗಡಿಗೆ ಬಂದ ಗಿರಾಕಿ ಹೇಳಿದ್ದನ್ನು ನಂಬಿ ಅಪ್ಪ ಗೋಕಾಕಿಗೆ ಹೋಗಿ ಒಂದನ್ನು ತಂದುಬಿಟ್ಟರು. ಉಳಿದ ಪೆಟ್ಟಿಗೆಗಳು ಟೆಂಪೋದ ಹಿಂದೆ ಬಂದವು. ಮಾನಿಟರು ಮಾತ್ರ ಕೌದಿ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ಬಂತು. ದಾರಿಯುದ್ದಕ್ಕೂ ತಗ್ಗು ಬಂದಾಗಲೆಲ್ಲ ಅಪ್ಪ ಅದನ್ನು ಎದೆಗೆ ಅವಚಿಕೊಂಡರಂತೆ. ನನ್ನನ್ನು ಅಷ್ಟು ಜೋಪಾನವಾಗಿ ಅವರು ಎಂದೂ ಎತ್ತಿಕೊಂಡಿರಲಿಲ್ಲ ಎಂದು ಅವ್ವ ಈಗಲೂ ಹೇಳುತ್ತಾಳೆ.

ಬಂದ ದಿನ ಅರಿಷಿಣ ಕುಂಕುಮ ಹಚ್ಚಿ, ಆರತಿ ಬೆಳಗಿ, ಮರುದಿನವೇ ಅವ್ವ ಲಂಗ ಹೊಲಿದಳು. ಕಂಪ್ಯೂಟರನ್ನು ಪಡಸಾಲೆಯಲ್ಲಿಟ್ಟೆವು, ಸರಿಯಾದ ಪ್ಲಗ್ಗು ಇದ್ದದ್ದು ಅಲ್ಲಿ ಮಾತ್ರ. ಅಭ್ಯಾಸಕ್ಕೆಂದು ತಂದದ್ದು ಅಭ್ಯಾಸಕ್ಕೆ ಬಂತೇ ಎಂದು ನೀವು ಕೇಳಬಾರದು. ಅದರಲ್ಲೊಂದು ಕಾರು ಓಡಿಸುವ ಆಟವಿತ್ತು. ಕೆಂಪು ಕಾರು ನನ್ನದು, ಉಳಿದ ಕಾರುಗಳು ಕಂಪ್ಯೂಟರಿನವು. ಸಾಯಂಕಾಲ ಕಾಲೇಜಿನಿಂದ ಬಂದವನೇ ಲಂಗ ಎತ್ತಿ, ಸ್ಟೆಬಿಲೈಜರಿನ ಮುಳ್ಳು ಏರುವುದನ್ನೇ ಕಾದು, ಆಟಕ್ಕೆ ಕೂರುತ್ತಿದ್ದೆ. ಎಲ್ಲಕ್ಕಿಂತ ಹಿಂದಿನ ಕಾರು ಯಾವಾಗಲೂ ಕೆಂಪಗೇ ಇರುತ್ತಿತ್ತು.

ಪಡಸಾಲೆಯ ಕಿಟಕಿ ಪಡುವಣಕ್ಕಿತ್ತು. ಇಳಿಬಿಸಿಲು ನೇರ ಮಾನಿಟರಿನ ಗಾಜಿಗೆ ಬಿದ್ದು, ರಸ್ತೆ ಇರಬೇಕಾದಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಹಾಗಾಗಿ ಆಟಕ್ಕೆ ಕೂರುವ ಮೊದಲು ಕಿಟಕಿ ಹಾಕಿಬಿಡುತ್ತಿದ್ದೆ. ಅವ್ವ ಬಂದು, "ಹಾಡಾಹಗಲ ಮನಿ ಕತ್ತಲಿ ಮಾಡಿ ಕುಂತಾನ ನೋಡು," ಎಂದು ಗೊಣಗಿ ಹೋಗುತ್ತಿದ್ದಳು.

ಅದೇ ಕಿಟಕಿಯ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ ಕೂರುವವಳು ಆಯಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅದು ಅವಳ ಜಾಗ. ನನ್ನ ಅಪ್ಪ ಹುಟ್ಟುವ ಮೊದಲಿನಿಂದ ಅವಳು ಅಲ್ಲೇ ಕುಳಿತು ಮೊರದಲ್ಲಿ ಕಾಳು ಆರಿಸುತ್ತಿದ್ದಳು, ಕಂಪ್ಯೂಟರು ಬಂದಿತೆಂದು ಎದ್ದು ಹೋಗುವ ಪೈಕಿಯಲ್ಲ.

ಆಯಿ ಕಾಳು ಆರಿಸುವುದನ್ನು ನೀವು ನೋಡಬೇಕಿತ್ತು. ನಮ್ಮಂಥ ಜೈನರ ಮನೆಗಳಲ್ಲಿ ನೀರನ್ನು ಬಟ್ಟೆ ಕಟ್ಟಿ ಸೋಸುತ್ತಾರೆ, ಹೊತ್ತು ಮುಳುಗುವ ಮೊದಲು ಊಟ ಮುಗಿಸುತ್ತಾರೆ, ಕಾಳನ್ನು ಹುಳವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಗಿರಣಿಗೆ ಕಳಿಸುತ್ತಾರೆ. ಬೇರೆಯವರಿಗೆ ಕಾಳಿನಲ್ಲಿ ಹುಳ ಸಿಕ್ಕರೆ ಕಾಳು ಕೆಟ್ಟಿತು ಎಂಬ ಚಿಂತೆ. ಆಯಿಗೆ ಹುಳದ ಚಿಂತೆ. ಕಲ್ಲು, ಹೊಟ್ಟು ಅವಳಿಗೆ ಲೆಕ್ಕಕ್ಕಿಲ್ಲ, ಅವು ಅಲುಗುವುದಿಲ್ಲ. ಅವಳು ಹುಡುಕುತ್ತಿದ್ದದ್ದು ಅಲುಗುವುದನ್ನು. ಜೋಳದ ನಡುವೆ ಜೋಳದಷ್ಟೇ ಇರುವ ಒಂದು ಜೀವ ಕಾಲು ಆಡಿಸಿದರೆ ಸಾಕು, ಅವಳ ಕೈಯಲ್ಲಿದ್ದ ನವಿಲುಗರಿಯ ಎಳೆ ಅಲ್ಲಿರುತ್ತಿತ್ತು. ಹುಳವನ್ನು ಅದರ ಮೇಲೆ ಹತ್ತಿಸಿಕೊಂಡು ಹಿತ್ತಲಿನ ನುಗ್ಗೆಮರದ ಬುಡಕ್ಕೆ ಒಯ್ದು ಬಿಡುವಳು. ಜೊತೆಗೆ ನಾಲ್ಕು ಕಾಳು. "ಒಕ್ಕಲೆಬ್ಬಿಸಿದ ಮ್ಯಾಲ ಊಟಕ್ಕರ ಹಾಕಬೇಕಲ್ಲೋ," ಎನ್ನುವಳು. ಆಯಿ "ಆತು" ಎನ್ನದೆ ನಮ್ಮ ಮನೆಯ ಒಂದು ಕಾಳೂ ಗಿರಣಿಯ ಮುಖ ಕಂಡದ್ದಿಲ್ಲ. ಅಪ್ಪನಿಗೆ ಅಂಗಡಿ ಹೇಗೋ, ಅವ್ವನಿಗೆ ಒಲೆ ಹೇಗೋ, ಆಯಿಗೆ ಮೊರ ಹಾಗೆ.

ಕಂಪ್ಯೂಟರು ಬಂದು ಕೆಲವು ದಿನಗಳಾಗಿರಬಹುದು, ಒಂದು ಸಂಜೆ ಆಯಿ ಮೊರ ಕೆಳಗಿಟ್ಟು, "ಇದು ಬ್ಯಾಡ. ಇದರಾಗ ಹುಳ ತುಂಬ್ಯಾವ," ಎಂದಳು. ಅವ್ವ ಬೇರೆ ಚೀಲದ ಜೋಳ ತಂದು ಸುರಿದಳು. "ಇದರಾಗೂ ಹರದಾಡಾಕತ್ತಾವ." ಮರುದಿನವೂ ಅದೇ ಮಾತು. ಡಬ್ಬಿಯಲ್ಲಿದ್ದ ಹಿಟ್ಟು ತಳ ಕಂಡಿತು. ಹೊತ್ತು ಮುಳುಗುತ್ತಿತ್ತು, ರೊಟ್ಟಿ ಇಲ್ಲ. ಮನೆಮಂದಿಯೆಲ್ಲ ಅವಸರದಲ್ಲಿ ಒಗ್ಗರಣೆ ಅವಲಕ್ಕಿ ತಿಂದೆವು, ಅಪ್ಪ ಒಂದು ಕಣ್ಣು ತಟ್ಟೆಯ ಮೇಲೆ ಒಂದು ಕಣ್ಣು ಸೂರ್ಯನ ಮೇಲೆ ಇಟ್ಟುಕೊಂಡು.

ಆ ಜೋಳ ಬಂದದ್ದು ಬೆಲ್ಲದ ಬಾಗೇವಾಡಿಯಿಂದ, ಅಂದರೆ ಅವ್ವನ ತವರುಮನೆಯಿಂದ. ಹೆಂಡತಿಯ ತವರಿನ ಜೋಳದಲ್ಲಿ ಹುಳ ಎಂದರೆ ಅಪ್ಪನಿಗೆ ಒಳಗೊಳಗೇ ಖುಷಿ. ಸುದ್ದಿ ಮುಟ್ಟಿಸಿಯೇ ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ಮಾಮಾ, ಎಂದರೆ ಅವ್ವನ ಅಣ್ಣ, ಬಂದಿಳಿದರು. ಚಹಾ ಬೇಡವೆಂದರು, ಕುರ್ಚಿ ಬೇಡವೆಂದರು. ಚೀಲವನ್ನು ಅಂಗಳದ ಬಿಸಿಲಿಗೆ ಎಳೆದು, ಹಾಸಿನ ಮೇಲೆ ಸುರಿದು, ಮೊಣಕಾಲೂರಿ ಕುಳಿತುಬಿಟ್ಟರು.

"ತೋರಸ್ರಿ. ನಮ್ಮ ಜ್ವಾಳದಾಗ ಹುಳಾ? ಒಂದ ತೋರಸ್ರಿ ಸಾಕು, ಮೀಸಿ ತಗಸ್ತೇನಿ!"

ಎಲ್ಲರೂ ಬಗ್ಗಿ ನೋಡಿದೆವು. ಅಪ್ಪ ಅಂಗಡಿಯಿಂದ ಭೂತಗನ್ನಡಿ ತಂದರು. ಒಂದೂ ಇಲ್ಲ. ಮುತ್ತಿನಂಥ ಜೋಳ. ಕೊನೆಗೆ ಆಯಿಯನ್ನು ಕರೆದರು. ಅವಳು ಬಂದು ಬಿಸಿಲಿನಲ್ಲಿ ಕೂತು, ಕೈಯಾಡಿಸಿ, ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಇಲ್ಲಪಾ. ಏನೂ ಇಲ್ಲ. ನನ್ನ ಕಣ್ಣ ಹೋಗ್ಯಾವ," ಎಂದಳು. ಮಾಮಾ ಗೆದ್ದದ್ದಕ್ಕೆ ಪೆಚ್ಚಾಗಿ, ಯಾರೂ ಒತ್ತಾಯಿಸದೆಯೇ ಎರಡು ಕಪ್ಪು ಚಹಾ ಕುಡಿದು ಹೋದರು.

ಅಂದಿನಿಂದ ಆಯಿ ಮೊರ ಮುಟ್ಟಲಿಲ್ಲ. ಗೋಕಾಕಿನ ಕಣ್ಣಿನ ಡಾಕ್ಟರರ ಬಳಿ ಕರೆದುಕೊಂಡು ಹೋದೆವು. ಹಿಂದೆ ಪೊರೆ ತೆಗೆದವರೂ ಅವರೇ. ಅಕ್ಷರ ಬಾರದವರಿಗೆಂದು ಇಟ್ಟಿದ್ದ ಫಲಕ ತೋರಿಸಿ, ಗೆರೆ ಯಾವ ಕಡೆ ತೆರೆದಿದೆ ಎಂದು ಬೆರಳಿನಲ್ಲಿ ತೋರಿಸಲು ಹೇಳಿದರು. ಆಯಿ ತಳದ ಸಾಲಿನವರೆಗೆ ತೋರಿಸಿದಳು. "ಅಜ್ಜೀ, ನಿಮ್ಮ ಕಣ್ಣ ನನಗಿಂತ ಚಲೋ ಅದಾವರಿ," ಎಂದು ಡಾಕ್ಟರು ನಕ್ಕರು. ಆಯಿ ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಕಿವಿಯಲ್ಲಿ, "ವಯಸ್ಸಾದಾಕಿ ಅಂತ ಮನಸ್ಸಿಗೆ ಸಮಾಧಾನ ಹೇಳ್ಯಾನ, ಪಾಪ. ಒಂದ ಹುಳ ಕಾಣದ ಗಿರಣಿಗೆ ಹೋತಂದ್ರ, ಆ ಪಾಪ ಯಾರ ತಲಿ ಮ್ಯಾಲ?" ಎಂದಳು.

ಮೊರ ಅವ್ವನ ಕೈಗೆ ಹೋಯಿತು. ಆಯಿ ಅದೇ ಕಂಬಕ್ಕೆ ಒರಗಿ ಹತ್ತಿಯಿಂದ ದೀಪದ ಬತ್ತಿ ಹೊಸೆಯತೊಡಗಿದಳು. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ದೇವರ ಮುಂದೆ ವರ್ಷವಿಡೀ ಉರಿಸಿದರೂ ಮುಗಿಯದಷ್ಟು ಬತ್ತಿ ಹೊಸೆದಳು. ಅವ್ವ ಆರಿಸಿದ ಜೋಳದ ರೊಟ್ಟಿಯನ್ನು ಒಂದು ಮಾತಿಲ್ಲದೆ ಉಣ್ಣುತ್ತಿದ್ದಳು, ಸೊಸೆಗೆ ನೋವಾಗಬಾರದಲ್ಲ. ಮನೆಯಲ್ಲಿ ಎಲ್ಲ ಇದ್ದ ಹಾಗೇ ಇತ್ತು. ಆದರೂ "ಆತು" ಎನ್ನುವ ಅವಳ ಆ ಒಂದು ಮಾತು ಕೇಳದೆ ನನಗೆ ಬಹಳ ಬೇಸರವಾಗುತ್ತಿತ್ತು.

ದೀಪಾವಳಿ ರಜೆಗೆ ಹುಕ್ಕೇರಿಯಿಂದ ಬಾಹುಬಲಿ ಬಂದ. ನನ್ನ ಕಾಕಾನ ಮಗ. ಹೆಸರು ಬಾಹುಬಲಿ, ಬಾಹು ನೋಡಿದರೆ ನುಗ್ಗೆಕಾಯಿ. ಗೋಕಾಕಿನ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ, ಕ್ಲಾಸು ಮುಗಿದ ಮೇಲೆ ಅಲ್ಲಿ ಹುಡುಗರೊಡನೆ ಆಟವನ್ನೂ ಆಡುತ್ತಿದ್ದನಾದ್ದರಿಂದ ನಮ್ಮ ಕುಟುಂಬಕ್ಕೆಲ್ಲ ಅವನೇ ಪಂಡಿತ. ನನ್ನ ಕೆಂಪು ಕಾರು ಗುಡ್ಡಕ್ಕೆ ಗುದ್ದುವುದನ್ನು ಸ್ವಲ್ಪ ಹೊತ್ತು ನೋಡಿ, ನಾಲಿಗೆಯಿಂದ ಚ್ ಚ್ ಎಂದ.

"ತಪ್ಪು ನಿಂದಲ್ಲೋ. ಮಾನಿಟರ್ ಅರವತ್ತ ಹರ್ಟ್ಜಿನಾಗ ಓಡಾಕತ್ತೈತಿ. ಅದಕ್ಕ ತಿರುವು ನಿನಗ ತಡಾ ಮಾಡಿ ಕಾಣತೈತಿ."

ತಪ್ಪು ನನ್ನದಲ್ಲ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾನು ಕೂಡಲೇ ಅವನ ಶಿಷ್ಯನಾದೆ. ಹರ್ಟ್ಜ್ ಅಂದರೇನು ಎಂದು ಕೇಳಿದೆ.

"ಪರದೆಮ್ಯಾಲಿನ ಚಿತ್ರ ಸುಮ್ನ ನಿಂತಿರೂದಿಲ್ಲ. ಅಳಿಸಿ ಅಳಿಸಿ ಮತ್ತ ಬರೀತಾನ ಇರತೈತಿ, ಸೆಕೆಂಡಿಗೆ ಅರವತ್ತ ಸಲ. ಧುಪದಾಳದಾಗ ಹೊಳಿಗೆ ಕಟ್ಟಿದ ಒಡ್ಡು ನೋಡಿಯಲ್ಲ? ಹೊಳಿ ತುಂಬಿದಾಗ ನೀರು ಬಿಳೇ ಧೋತರ ಹರವಿದಂಗ ನಿಂತ ಕಾಣತೈತಿ. ಬ್ಯಾಸಗ್ಯಾಗ ನೋಡು, ಬಿಟ್ಟ ಬಿಟ್ಟ ಬೀಳೂದು ಕಾಣತೈತಿ. ನೀ ಈಗ ಬ್ಯಾಸಗಿ ನೀರಾಗ ಕಾರ್ ಓಡಸಾಕತ್ತೀದಿ."

ಅವನು ಎಲ್ಲೋ ಒಳಗೊಳಗೆ ಹೊಕ್ಕು ಒಂದು ಪಟ್ಟಿ ತೆರೆದ. ಅರವತ್ತು, ಎಪ್ಪತ್ತೈದು, ಎಂಬತ್ತೈದು, ನೂರು. ಬರುವುದೇ ಆದರೆ ಪೂರ್ತಿ ಬರಲಿ ಎಂದು ನೂರನ್ನೇ ಒತ್ತಿದ. ಮಾನಿಟರು ಟಪ್ಪೆಂದು ಕಪ್ಪಾಯಿತು. ಅಪ್ಪನ ತೊಡೆಯ ಮೇಲೆ ಕೌದಿ ಹೊದ್ದು ಬಂದದ್ದು ನೆನಪಾಗಿ, ಅಪ್ಪ ಬಂದರೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ಪಂಡಿತರು ಣಮೋಕಾರ ಮಂತ್ರ ಶುರು ಮಾಡಿದ್ದರು. ಮಂತ್ರ ಅರ್ಧಕ್ಕೆ ಬರುವಷ್ಟರಲ್ಲಿ ಚಿತ್ರ ತಾನಾಗಿ ಮರಳಿತು. ಆಮೇಲೆ ವಿನಯದಿಂದ ಎಂಬತ್ತೈದಕ್ಕೆ ಇಳಿದ.

ಅಷ್ಟರಲ್ಲಿ ಊಟಕ್ಕೆ ಬಂದ ಅಪ್ಪ ಇಣುಕಿ, ಏನು ಎಂಬತ್ತೈದು ಎಂದರು. ಬಾಹುಬಲಿ ಹೇಳಿದ. ಅಪ್ಪನ ಮುಖ ಗಂಭೀರವಾಯಿತು. ಅವರ ಅಂಗಡಿಯ ಮೋಟರುಗಳ ಮೇಲೆಲ್ಲ ಐವತ್ತು ಹರ್ಟ್ಜ್ ಎಂದು ಬರೆದಿರುತ್ತಿತ್ತು.

"ಊರಿಗೆಲ್ಲ ಕರೆಂಟ್ ಬರೂದ ಐವತ್ತು. ನಿನ್ನ ಡಬ್ಬಿಗೆ ಎಂಬತ್ತೈದು ಎಲ್ಲಿಂದ ಬಂತಲೇ? ಬಾಜೂ ಮನಿಯವರದು ಎಳಕೊಳ್ಳಾಕತ್ತೀರೇನು? ನಾಳಿ ಲೈನಮನ್ ಬಂದ್ರ ಏನ ಹೇಳ್ಲಿ?"

ಮಾನಿಟರಿನ ಹರ್ಟ್ಜೇ ಬೇರೆ, ಕರೆಂಟಿನ ಹರ್ಟ್ಜೇ ಬೇರೆ ಎಂದು ಬಾಹುಬಲಿ ಎಷ್ಟು ಹೇಳಿದರೂ ಅಪ್ಪ ನಂಬಲಿಲ್ಲ. ಊಟಕ್ಕೆ ಒಳಗೆ ಹೋಗುವಾಗ ಮೀಟರಿನ ಚಕ್ರ ಜೋರಾಗಿ ತಿರುಗುತ್ತಿದೆಯೇ ಎಂದು ನೋಡಿಕೊಂಡೇ ಹೋದರು.

ಈಗ ನಾನು ಆಡಿದೆ. ಎಂಬತ್ತೈದು ಹರ್ಟ್ಜಿನಲ್ಲಿ. ಗುಡ್ಡ ಅದೇ, ಗುದ್ದಿದ ಜಾಗವೂ ಅದೇ.

"ಫರಕ್ ಗೊತ್ತಾತೇನು?" ಎಂದ ಬಾಹುಬಲಿ.

"ಗೊತ್ತಾತು," ಎಂದೆ. ಗುರುವಿನ ಮನಸ್ಸು ನೋಯಿಸಬಾರದು.

ಅವನಿಗೆ ಸಂಶಯ ಬಂತು. ನಾನು ಬೆನ್ನು ತಿರುಗಿಸಿ ನಿಲ್ಲಬೇಕು, ಅವನು ಅರವತ್ತೋ ಎಂಬತ್ತೈದೋ ಇಡುತ್ತಾನೆ, ನಾನು ಆಡಿ ಹೇಳಬೇಕು ಎಂದು ಪರೀಕ್ಷೆ ಹೂಡಿದ. ನಾನು ಪ್ರತಿ ಸಲವೂ ಆತ್ಮವಿಶ್ವಾಸದಿಂದ ತಪ್ಪು ಹೇಳಿದೆ. ಆಮೇಲೆ ನಾನು ಇಟ್ಟೆ, ಅವನು ಆಡಿದ. ಗೋಕಾಕಿನ ಪಂಡಿತರೂ ದೊಪ್ಪೆಂದು ಬಿದ್ದರು. "ಈ ಕೀಬೋರ್ಡ್ ಸರಿ ಇಲ್ಲ," ಎಂದರು.

ಮತ್ತೆ ನನ್ನ ಸರದಿ. ಅವನು ಏನನ್ನೋ ಒತ್ತಿದ. ಆಗ ಕಂಬದ ಕಡೆಯಿಂದ ಆಯಿಯ ದನಿ ಬಂತು.

"ಮತ್ಯಾಕ ನಡಗಸಾಕ ಹತ್ತಿದಿರೋ ಅದನ್ನ? ಆಗ ಸುಮ್ನ ನಿಂತಿತ್ತಲ್ಲ, ಹಂಗ ಇಡ್ರಿ."

ನಾವಿಬ್ಬರೂ ತಿರುಗಿದೆವು. ಆಯಿ ಮಾನಿಟರಿನ ಕಡೆ ನೋಡುತ್ತಲೂ ಇರಲಿಲ್ಲ. ಅಡ್ಡ ಕುಳಿತು, ಕಣ್ಣು ಹತ್ತಿಯ ಮೇಲಿಟ್ಟು ಬತ್ತಿ ಹೊಸೆಯುತ್ತಿದ್ದಳು. ಮಾನಿಟರು ಅರವತ್ತರಲ್ಲಿತ್ತು.

ಬಾಹುಬಲಿ ಸದ್ದಿಲ್ಲದೆ ಎಂಬತ್ತೈದಕ್ಕೆ ಹಾಕಿದ. "ಹಾಂ, ನಿಂತತಿ," ಎಂದಳು. ಅರವತ್ತು. "ನಡಗಾಕತ್ತು." ಮತ್ತೆ ಅರವತ್ತನ್ನೇ ಒತ್ತಿದ, ಮೋಸ ಮಾಡಲು. "ಏನೂ ಮಾಡಿಲ್ಲ ನೀ. ಆಯಿಗೆ ಆಟ ಆಡಸ್ತೀಯೇನು?" ಒಂದು ಸಲವೂ ತಪ್ಪಲಿಲ್ಲ. ಎದುರಿಗೆ ನೋಡುವ ಕಣ್ಣಿಗಿಂತ ಕಣ್ಣಿನ ಅಂಚಿಗೆ ಇಂಥ ಮಿಣುಕು ಹೆಚ್ಚು ತಿಳಿಯುತ್ತದೆ ಎಂದು ಎಷ್ಟೋ ವರ್ಷಗಳ ನಂತರ ಎಲ್ಲೋ ಓದಿದೆ. ಆ ಹೊತ್ತಿಗೆ ನಮಗೆ ಅದೊಂದು ಪವಾಡ.

ಪವಾಡ ನೋಡುತ್ತ ನಾವು ಬಾಯಿ ತೆರೆದು ನಿಂತಿದ್ದರೆ, ಆಯಿಯ ಕೈಯಲ್ಲಿದ್ದ ಬತ್ತಿ ನಿಂತುಹೋಗಿತ್ತು. ಅವಳು ಮುಚ್ಚಿದ ಕಿಟಕಿ ನೋಡಿದಳು. ಆ ಮಬ್ಬಿನಲ್ಲಿ ತನ್ನ ಮಡಿಲ ಮೇಲೆ ಬಿದ್ದಿದ್ದ ಮಾನಿಟರಿನ ಬೆಳಕು ನೋಡಿದಳು. ಏನೋ ಹೊಳೆದ ಹಾಗೆ ಕಾಲು ಮಡಚಿ ನೆಟ್ಟಗೆ ಕುಳಿತಳು.

"ತಮ್ಮಾ, ಒಳಗಿಂದ ಮೊರಾ ತಾ. ಬಾಗೇವಾಡಿ ಜ್ವಾಳಾನ ತಾ."

ತಂದುಕೊಟ್ಟೆ. ಅರವತ್ತರಲ್ಲಿ ಇಡಿಸಿ ಮೊರ ಅಲುಗಿಸಿದಳು. "ಹರದಾಡಾಕತ್ತಾವ," ಎಂದಳು, ಈ ಸಲ ನಗುತ್ತ. ಎಂಬತ್ತೈದಕ್ಕೆ ಹಾಕಿಸಿದಳು. ಕಾಳು ಕಾಳಾಗಿ ನಿಂತವು. ನಾವು ಬಗ್ಗಿ ನೋಡಿದೆವು, ನಮಗೆ ಎರಡರಲ್ಲೂ ಜೋಳ ಜೋಳವೇ. ಅಲುಗುವುದನ್ನು ಹುಡುಕುವುದಕ್ಕೆಂದೇ ಪಳಗಿದ ಕಣ್ಣಿಗೆ ಬೆಳಕೇ ಅಲುಗಿದರೆ ಕಾಳೆಲ್ಲ ಜೀವವಾಗದೆ ಇನ್ನೇನಾದೀತು?

"ನನ್ನ ಕಣ್ಣ ಹೋಗಿಲ್ಲೋ, ತಮ್ಮಾ," ಎಂದಳು. ದನಿ ಸಣ್ಣಗಾಗಿತ್ತು. "ಹೋಗಿಲ್ಲ, ಆಯಿ," ಎಂದೆ.

ಆದರೆ ಆಯಿ ಅಷ್ಟಕ್ಕೆ ಬಿಡುವವಳಲ್ಲ. ಕಣ್ಣಿದೆ ಎಂದು ಡಾಕ್ಟರು ಹೇಳಿದರೆ ಸಾಲದು, ಕಂಪ್ಯೂಟರು ಹೇಳಿದರೂ ಸಾಲದು. ಮೊರವನ್ನು ಮಡಿಲಿಗೆಳೆದುಕೊಂಡು ಆರಿಸತೊಡಗಿದಳು. ಅವ್ವ ಒಲೆ ಬಿಟ್ಟು ಬಂದು ನಿಂತಳು. ಅಪ್ಪ ಊಟದ ಕೈ ತೊಳೆದು ಬಂದು ನಿಂತರು. ಅವ್ವ ಆರಿಸಿ ಆಗಿದ್ದ ಜೋಳ ಅದು. ಮಾಮಾ ಮೀಸೆ ಒಡ್ಡಿದ್ದ ಜೋಳ. ಮೊರ ಒಂದು ಬದಿಗೆ ವಾಲಿತು, ಇನ್ನೊಂದು ಬದಿಗೆ ವಾಲಿತು. ಇದ್ದಕ್ಕಿದ್ದಂತೆ ಆಯಿಯ ಕೈ ಗೋಡೆಯಲ್ಲಿದ್ದ ಗೂಡಿಗೆ ಹೋಯಿತು. ಅಷ್ಟು ದಿನ ಅಲ್ಲೇ ಬಿದ್ದಿದ್ದ ನವಿಲುಗರಿಯ ಎಳೆಯನ್ನು ತೆಗೆದು ಕಾಳಿನ ನಡುವೆ ಇಟ್ಟು, ಮೆಲ್ಲಗೆ ಎತ್ತಿದಳು. ಅದರ ತುದಿಯಲ್ಲಿ ಎಳ್ಳಿನಷ್ಟು ಕಪ್ಪಗಿನ ಒಂದು ಹುಳ ಕಾಲಾಡಿಸುತ್ತಿತ್ತು.

ಒಂದು ಹುಳ ಸಿಕ್ಕಿದ್ದಕ್ಕೆ ಒಂದು ಮನೆ ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅಪ್ಪ, "ಕರೀರಿ ಬಾಗೇವಾಡಿಯವರನ್ನ, ಮೀಸಿ ತಗೊಂಡ ಬರ್ರಿ ಅನ್ರಿ!" ಎಂದು ಕೂಗಿದರು. ಅವ್ವ ತವರಿನ ಮಾನ ಹೋದದ್ದನ್ನೂ ಮರೆತು ಕಣ್ಣೊರೆಸಿಕೊಂಡಳು. ಆಯಿ ಗರಿಯನ್ನು ಆರತಿಯಂತೆ ಮುಂದೆ ಹಿಡಿದು ಹಿತ್ತಲಿಗೆ ಹೊರಟಳು, ನಾವೆಲ್ಲ ಹಿಂದೆ. ನುಗ್ಗೆಮರದ ಬುಡದಲ್ಲಿ ಹುಳವನ್ನು ಇಳಿಸಿ, ನಾಲ್ಕು ಕಾಳು ಹಾಕಿ, ಸೆರಗು ಕೊಡವಿ, "ಆತು. ಗಿರಣಿಗೆ ಕಳಸ್ರಿ," ಎಂದಳು.

ಅಂದಿನಿಂದ ಮಾನಿಟರು ಎಂಬತ್ತೈದು ಬಿಟ್ಟು ಇಳಿಯಲಿಲ್ಲ. ನನ್ನ ಕೆಂಪು ಕಾರು ಅರವತ್ತರಲ್ಲೂ ಕೊನೆಗೆ ಬರುತ್ತಿತ್ತು, ಎಂಬತ್ತೈದರಲ್ಲೂ ಕೊನೆಗೇ ಬಂತು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ರೊಟ್ಟಿ ಹೆಂಚಿನ ಮೇಲೆ ಹಪ್ಪಳವಾಗಿತ್ತು. ಶ್ರೇಯಾ ಅದರ ಅಂಚು ಮುರಿಯುತ್ತ, "ಅಂದ್ರ ಫರಕ್ ಐತಿ ಅಂತಾತು?" ಎಂದಳು.

"ಐತಿ. ಆದರ ಆಡಾವರನ್ನ ಕೇಳಬ್ಯಾಡ. ಬಾಜೂಕ ಕುಂತಾವರನ್ನ ಕೇಳು."

ಅವಳು ತಡಮಾಡಲಿಲ್ಲ. ಇನ್ನೊಬ್ಬ ಗೆಳತಿಯಿಂದ ನೂರಾ ನಲವತ್ನಾಲ್ಕು ಹರ್ಟ್ಜಿನ ಮಾನಿಟರೊಂದನ್ನು ಎರವಲು ತಂದು, ಅದನ್ನು ಅವತ್ತೇ ಸಂಜೆ ತನ್ನದರ ಪಕ್ಕದಲ್ಲಿಟ್ಟು, ಕಿಟಕಿ ಹಾಕಿ, ಪಡಸಾಲೆಯಿಂದ ತನ್ನ ಆಯಿಯನ್ನು, ಅಂದರೆ ನನ್ನ ಅವ್ವನನ್ನು, ಕೈಹಿಡಿದು ಕರೆತಂದಳು. ಅವ್ವನೂ ಈಗ ಕಂಬಕ್ಕೆ ಒರಗಿ ಕೂರುವ ವಯಸ್ಸಿನವಳು. ಅದೇ ಮೊರ ಹಿಡಿದು ಬಂದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಅವ್ವ ಕುಳಿತಳು. ಕನ್ನಡಕ ಏರಿಸಿದಳು. ಒಂದು ಮಾನಿಟರು ನೋಡಿದಳು, ಇನ್ನೊಂದನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಹಾಡಾಹಗಲ ಮನಿ ಕತ್ತಲಿ ಮಾಡಬ್ಯಾಡ್ರಿ ಅಂದ್ರ ಅವತ್ತ ನನ್ನ ಮಾತ ಯಾರೂ ಕೇಳಲಿಲ್ಲ," ಎಂದಳು. "ಮದಲ ಆ ಕಿಟಕಿ ತಗೀರಿ."